ಒಂದೇ ಚುಚ್ಚಿಗೆ ಕೂತ ಸೊಳ್ಳೆ

ಹದಿನೇಳನೇ ಬುಡ, ಜೋಗಿಮಟ್ಟಿ ಸಾಲು
ಗಾಳಿ ಬಿದ್ದ ತಿಂಗಳು, ಅಂದರೆ ಹದಿಮೂರನೆಯದು, ದಿನ ಇಪ್ಪತ್ತು
ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ನಾಲ್ಕುನೂರ ಮೂವತ್ತರ ಆಸುಪಾಸು

ನಮ್ಮ ಹಿಂದಿನವರೇ,

ಹದಿಮೂರನೇ ತಿಂಗಳು ಅಂತ ಓದಿದ ಕೂಡಲೇ ಬರೆದವಳಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಡಿ. ನಮ್ಮ ವರ್ಷದಲ್ಲಿ ಇಪ್ಪತ್ತೆಂಟು ದಿನದ ಹದಿಮೂರು ತಿಂಗಳು. ಕೊನೆಯ ತಿಂಗಳಲ್ಲಿ ಈ ಗುಡ್ಡದ ಮೇಲೆ ಗಾಳಿ ಬೀಸುವುದಿಲ್ಲ, ಅದಕ್ಕೇ ಆ ಹೆಸರು. ಇನ್ನೂ ಇಂಥ ವಿಚಿತ್ರ ಪದಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಮೂರು ಹರಕು ಪುಸ್ತಕಗಳಿಂದ. ಒಂದು ಅಡುಗೆಯದು, ಒಂದು ಮೋಟಾರು ರಿಪೇರಿಯದು, ಮೂರನೆಯದು ಲಗ್ನಪತ್ರಿಕೆಗಳ ಮಾದರಿ ಪುಸ್ತಕ. ನನ್ನ ಶೈಲಿಯಲ್ಲಿ ಒಗ್ಗರಣೆಯ ವಾಸನೆಯೋ ಗ್ರೀಸಿನ ಜಿಡ್ಡೋ ಕಂಡರೆ ದಯವಿಟ್ಟು ಕ್ಷಮಿಸಿ.

ನಿಮ್ಮ ಕಾಲದಲ್ಲಿ ಚಿತ್ರದುರ್ಗದ ಈ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವಂತೆ. ರೆಕ್ಕೆಗಳು ಯಾವತ್ತೋ ಹೋದವು, ಕಂಬಗಳೂ ಉರುಳಿದವು, ಆದರೆ ನೀವು ಸುರಿದ ಕಾಂಕ್ರೀಟಿನ ಬುಡಗಳು ಅಲ್ಲಾಡಲಿಲ್ಲ. ಒಂದೊಂದು ಬುಡದ ಸುತ್ತ ಒಂದೊಂದು ಊರು. ನಮ್ಮದು ದಕ್ಷಿಣದ ತುದಿಯಿಂದ ಹದಿನೇಳನೆಯದು, ನಲವತ್ತು ಮನೆ. ಬಯಲು ಬಿಟ್ಟು ಇಲ್ಲಿಗೆ ಹತ್ತಿ ಬಂದದ್ದಕ್ಕೆ ಕಾರಣ ಒಂದೇ: ಜೋರು ಗಾಳಿಯಲ್ಲಿ ಸೊಳ್ಳೆ ಹಾರಲಾರದು. ಹನ್ನೆರಡು ತಿಂಗಳು ಗಾಳಿ ನಮ್ಮನ್ನು ಕಾಯುತ್ತದೆ, ಹದಿಮೂರನೇ ತಿಂಗಳು ನಮ್ಮನ್ನು ನಾವೇ ಕಾದುಕೊಳ್ಳಬೇಕು. ನಮ್ಮ ಕಂಬದ್ದು ಎರಡಾಳೆತ್ತರದ ತುಂಡು ಮಾತ್ರ ಇನ್ನೂ ನಿಂತಿದೆ, ಒಳಗೆ ಟೊಳ್ಳು. ಸತ್ತ ಹಿರಿಯರಿಗೆ ಏನಾದರೂ ಹೇಳಬೇಕಾದರೆ ಬರೆದು ಆ ಟೊಳ್ಳಿನಲ್ಲಿ ಹಾಕುವುದು ಇಲ್ಲಿಯ ಪದ್ಧತಿ. ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ ಅನ್ನುತ್ತಾರೆ. ಅರವತ್ಮೂರು ವರ್ಷ ನಾನು ಇದಕ್ಕೆ ಮೂಗು ಮುರಿದವಳು, ಒಂದು ಚೀಟಿಯನ್ನೂ ಹಾಕಿದವಳಲ್ಲ. ಈ ಹೊತ್ತು ಹಾಕುತ್ತಿದ್ದೇನೆ. ಬೇರೆ ಯಾರನ್ನು ಕೇಳಬೇಕೋ ತಿಳಿಯುತ್ತಿಲ್ಲ.

ನನ್ನ ಹೆಸರು ಪಾಲಕ್ಕ. ನಾನು ಈ ಬುಡದ ಕೈಗಾವಲು. ಕೈಗಾವಲು ಅಂದರೆ ತನ್ನ ತೋಳು ಒಡ್ಡಿ ಊರು ಕಾಯುವವಳು. ಸೊಳ್ಳೆ ಹರಡುವ ಎಲುಬುಜ್ವರ ಒಮ್ಮೆ ಬಂದು ಬದುಕಿ ಉಳಿದವರಿಗೆ ಅದು ಮತ್ತೆ ಬರುವುದಿಲ್ಲ, ಹಾಗಾಗಿ ಈ ಕೆಲಸಕ್ಕೆ ಉಳಿದವರೇ ಆಗಬೇಕು. ನನಗೆ ಒಂಬತ್ತು ವರ್ಷಕ್ಕೆ ಬಂತು, ನಾನು ಎದ್ದೆ, ಪಕ್ಕದಲ್ಲೇ ಮಲಗಿದ್ದ ನನ್ನ ತಮ್ಮ ಏಳಲಿಲ್ಲ. ದಿನಾ ಬೆಳಗ್ಗೆ ಕೆಳಗಿನ ಹೊಂಡಗಳಿಂದ ಹಿಡಿದು ತಂದ ಸೊಳ್ಳೆಗಳನ್ನು ತೋಳುಗೂಡಿಗೆ ಬಿಡುತ್ತಾರೆ. ಅದು ತೆಳು ಬಟ್ಟೆಯ ಉದ್ದನೆಯ ಚೀಲ, ಒಂದು ಬಾಯಿಂದ ಕೈ ತೂರಿಸಿ ಕೂರುವುದು. ಸೊಳ್ಳೆ ಬಂದು ತೋಳಿನ ಮೇಲೆ ಇಳಿಯುತ್ತದೆ. ಅದು ಎಷ್ಟು ಸಲ ಚುಚ್ಚಿ ನೋಡಿ ಆಮೇಲೆ ರಕ್ತ ಕುಡಿಯಲು ಕೂರುತ್ತದೆ ಅನ್ನುವುದನ್ನು ನಾನು ಉಸಿರು ಹಿಡಿದು ಎಣಿಸುತ್ತೇನೆ. ಇಷ್ಟೇ ನನ್ನ ಉದ್ಯೋಗ. ಇದರಲ್ಲೇನು ವಿದ್ಯೆ ಅಂತ ನಗಬೇಡಿ, ನಿಮ್ಮ ಕಾಲದ ಯಂತ್ರಗಳು, ಪರೀಕ್ಷೆಗಳು ಒಂದೂ ನಮ್ಮ ಪಾಲಿಗೆ ಉಳಿಯಲಿಲ್ಲ. ರೋಗ ಬಂತೋ ಇಲ್ಲವೋ ಅಂತ ಹೇಳುವುದಕ್ಕೆ ನಮಗಿರುವುದು ಸೊಳ್ಳೆಯ ನಡತೆ ಒಂದೇ.

ನಡತೆ ಹೇಗೆ ಹೇಳುತ್ತದೆ ಅಂದರೆ, ರೋಗ ಹೊತ್ತ ಸೊಳ್ಳೆ ರೋಗವಿಲ್ಲದ ಸೊಳ್ಳೆಯ ಹಾಗೆ ಇರುವುದಿಲ್ಲ. ವೈರಸ್ಸು ಅದರ ಹೊಟ್ಟೆಯಲ್ಲಿ ಮಾತ್ರ ಕೂರದೆ ಗಂಟಲಿಗೂ ತಲೆಗೂ ಹತ್ತುತ್ತದೆ. ಆಮೇಲೆ ಅದಕ್ಕೆ ಹಸಿವು ಜಾಸ್ತಿ, ಕುಡಿಯುವ ಸಾಮರ್ಥ್ಯ ಕಮ್ಮಿ. ಚುಚ್ಚುತ್ತದೆ, ರಕ್ತನಾಳ ಸಿಗುವುದಿಲ್ಲ, ಕೀಳುತ್ತದೆ, ಪಕ್ಕದಲ್ಲಿ ಚುಚ್ಚುತ್ತದೆ, ಹಾರಿ ಇನ್ನೊಬ್ಬರ ಮೇಲೆ ಕೂರುತ್ತದೆ. ಹೊಟ್ಟೆ ತುಂಬುವುದರೊಳಗೆ ಒಂದು ಮನೆಯ ಮಂದಿಗೆಲ್ಲ ಹಂಚಿ ಮುಗಿಸಿರುತ್ತದೆ. ಪಾಪ, ಅದಕ್ಕೇನು ಗೊತ್ತು, ತನ್ನ ತಲೆಯೊಳಗೆ ಬೇರೆ ಯಾರೋ ಕೂತು ಓಡಿಸುತ್ತಿದ್ದಾರೆ ಅಂತ. ನಮ್ಮ ಕಾಯಿದೆ ಏನೆಂದರೆ, ಎರಡು ಮೂರು ಚುಚ್ಚಾದರೆ ಒಳ್ಳೆಯದು, ನಾಲ್ಕಾದರೆ ಅನುಮಾನ, ಆರಾದರೆ ಕೊಂಬು ಊದಿ ಇಡೀ ಬುಡಕ್ಕೆ ಬಾಗಿಲುಕಟ್ಟು. ಹನ್ನೆರಡು ದಿನ ಯಾರೂ ಸೊಳ್ಳೆಪರದೆಯ ಹೊರಗೆ ಕಾಲಿಡುವಂತಿಲ್ಲ, ಮದುವೆಯಿರಲಿ ಮಣ್ಣಿರಲಿ.

ನೀವು ಸೊಳ್ಳೆ ಕೂತ ಕೂಡಲೇ ಪಟ್ಟಂತ ಹೊಡೆಯುತ್ತಿದ್ದಿರಂತೆ. ಇಲ್ಲಿ ಯಾರಾದರೂ ಹಾಗೆ ಹೊಡೆದರೆ ಮನೆಯವರೆಲ್ಲ ಹೌಹಾರುತ್ತಾರೆ. ಅದು ಎಷ್ಟು ಸಲ ಚುಚ್ಚಿತು ಅಂತ ತಿಳಿಯುವ ಮೊದಲೇ ಕೊಂದರೆ ಏನು ತಿಳಿದಂತಾಯಿತು? ನಮ್ಮ ಮಕ್ಕಳಿಗೆ ಮಾತು ಬರುವ ಮೊದಲೇ ಸುಮ್ಮನೆ ಕೂರುವುದು ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಮೈಗೆಲ್ಲ ಬೂದಿ, ಬೇವಿನೆಣ್ಣೆ ಮೆತ್ತುತ್ತೇವೆ, ಜ್ವರದವರ ಮೈವಾಸನೆಗೆ ಸೊಳ್ಳೆ ಹುಡುಕಿಕೊಂಡು ಬರುತ್ತದೆ ಅಂತ. ಕೆಳಗಿನ ಪಾಳುಮನೆಗಳಲ್ಲಿ ತಂತಿಜಾಲದ ಬ್ಯಾಟುಗಳು ಸಿಗುತ್ತಿರುತ್ತವೆ. ಅವು ಯಾವುದೋ ಆಟದ ಸಾಮಾನು ಅಂತಲೇ ನಾವು ಬಹಳ ಕಾಲ ತಿಳಿದಿದ್ದೆವು. ಸೊಳ್ಳೆ ಸುಡುವುದಕ್ಕೆ ಅಂತ ಗೊತ್ತಾದ ಮೇಲೆ ನನಗೆ ನಿಮ್ಮ ಮೇಲೆ ಸಿಟ್ಟೂ ಬಂತು, ಹೊಟ್ಟೆಕಿಚ್ಚೂ ಆಯಿತು. ಎಷ್ಟು ನಿಶ್ಚಿಂತೆಯ ಜನ ನೀವು! ಕೈಯಲ್ಲಿ ಬ್ಯಾಟು ಹಿಡಿದು ಓಡಾಡುತ್ತಾ ಮಾತಾಡುತ್ತಿದ್ದಿರೇನೋ.

ಇನ್ನು ನಾವು ಮಾಡಿದ ತಪ್ಪಿಗೆ ಬರುತ್ತೇನೆ. ಎಣಿಸಿದ ಮೇಲೆ ಗಡಿಬಿಡಿಯ ಸೊಳ್ಳೆಗಳನ್ನು ಹೊಗೆ ಹಾಕಿ ಕೊಲ್ಲುತ್ತೇವೆ, ಅವು ಬಂದ ಹೊಂಡವನ್ನು ಬತ್ತಿಸುತ್ತೇವೆ. ತಾಳ್ಮೆಯಿಂದ ಕೂತು ಕುಡಿದವನ್ನು ಕೊಲ್ಲುವುದಿಲ್ಲ. ಅವಕ್ಕೆ ಸೈರಣೆ ಸೊಳ್ಳೆ ಅಂತ ಹೆಸರಿಟ್ಟು, ಬಾಗಿಲಲ್ಲಿ ನಿಂತು, ಹೋಗಿ ಬಾ ತಾಯಿ, ನಿನ್ನಂಥವೇ ಹುಟ್ಟಲಿ ಅಂತ ಹೇಳಿ ಹಾರಿಬಿಡುತ್ತೇವೆ. ಸೈರಣೆಯವು ಹೆಚ್ಚಾದರೆ ರೋಗದವು ತಾವೇ ಕಮ್ಮಿಯಾಗುತ್ತವೆ ಅಂತ ಹಿಂದಿನ ಕೈಗಾವಲುಗಳು ನಂಬಿದ್ದರು. ಎರಡು ನೂರು ವರ್ಷ ಹೀಗೇ ನಡೆದಿದೆ. ಮಕ್ಕಳಿಗೆ ಆರು ತುಂಬಿದಾಗ ಮೊದಲ ಕಡಿತ ಅಂತ ಒಂದು ಶಾಸ್ತ್ರವೂ ಇದೆ. ಸೈರಣೆ ಸೊಳ್ಳೆಯೊಂದನ್ನು ಆರಿಸಿ ಮಗುವಿನ ಹಿಮ್ಮಡಿಗೆ ಕಚ್ಚಿಸುವುದು. ಮೈಗೆ ಪರಿಚಯವಾಗಲಿ, ಹೆದರಿಕೆ ಹೋಗಲಿ ಅಂತ. ಅವತ್ತು ಹೊಸ ಬಟ್ಟೆ, ಸಜ್ಜೆ ಹೋಳಿಗೆ, ಅಕ್ಕಪಕ್ಕದವರಿಗೆಲ್ಲ ಊಟ.

ನಾಲ್ಕು ದಿನದ ಹಿಂದೆ ನನ್ನ ಮೊಮ್ಮಗಳು ಈರಿಯ ಮೊದಲ ಕಡಿತ. ನನ್ನ ಮಗಳು ಬೋರಕ್ಕನಿಗೆ ಇವಳೊಬ್ಬಳೇ. ನಾನೇ ತೋಳುಗೂಡಿನಲ್ಲಿ ಕೂತು ಬೆಳಗ್ಗೆಯಿಂದ ಆರಿಸಿದೆ. ಮೂರು ಚುಚ್ಚಿನವು ಸಿಕ್ಕವು, ಎರಡು ಚುಚ್ಚಿನದು ಒಂದು ಸಿಕ್ಕಿತು, ಯಾವುದೂ ನನ್ನ ಮನಸ್ಸಿಗೆ ಬರಲಿಲ್ಲ. ನನ್ನ ಈರಿಗೆ ಎಲ್ಲಕ್ಕಿಂತ ಒಳ್ಳೆಯದೇ ಬೇಕಲ್ಲ! ಆಮೇಲೆ ಒಂದು ಬಂತು. ಇಳಿಯಿತು, ಒಂದೇ ಸಲ ಚುಚ್ಚಿತು, ಕುಡಿಯಲು ಕೂತಿತು. ಕುಡಿದು ಮುಗಿದ ಮೇಲೂ ಹಾರದೆ ಇಪ್ಪತ್ತು ಉಸಿರಿನಷ್ಟು ಹೊತ್ತು ತೋಳಿನ ಮೇಲೇ ಇತ್ತು. ಐವತ್ತು ವರ್ಷದಲ್ಲಿ ಅಂಥದ್ದು ನಾನು ಕಂಡಿರಲಿಲ್ಲ. ನಾನು ಮನೆಯವರನ್ನೆಲ್ಲ ಕೂಗಿ ಕರೆದೆ, ಇದೇನವ್ವ ಇದು, ಸಾಕಿದ ಕೋಳಿ ಹಂಗೆ ಕೂತೈತೆ, ನೋಡ್ರೇ ಅಂತ. ಎಲ್ಲರೂ ಬಗ್ಗಿ ನೋಡಿ ಹಲ್ಲು ಬಿಟ್ಟರು. ಹೊತ್ತು ಇಳಿದು ಅದಕ್ಕೆ ಮತ್ತೆ ಹಸಿವಾದಾಗ ಈರಿಯ ಹಿಮ್ಮಡಿಗೆ ಹಿಡಿದವಳೂ ನಾನೇ. ಅಲ್ಲಿಯೂ ಒಂದೇ ಚುಚ್ಚು. ಈರಿ ಅಳಲಿಲ್ಲ. ಅಜ್ಜಿ, ಇದಕ್ಕೆ ನಾನಂದ್ರೆ ಇಷ್ಟ ಅಂದಳು. ಶಾಸ್ತ್ರದ ಪ್ರಕಾರ ಅದನ್ನು ಬಾಗಿಲಲ್ಲಿ ನಿಂತು ಹಾರಿಬಿಟ್ಟೆ. ಅದಿದ್ದಿದ್ದರೆ ಇವತ್ತು ಇಟ್ಟುಕೊಂಡು ನೋಡಬಹುದಿತ್ತು.

ಇವತ್ತು ಬೆಳಗ್ಗೆ ಇಪ್ಪತ್ತೊಂದನೇ ಬುಡದಿಂದ ಕಾಟಯ್ಯ ಬಂದ. ಅವನು ಅಲ್ಲಿಯ ಕೈಗಾವಲು, ನನಗಿಂತ ಏಳು ವರ್ಷ ದೊಡ್ಡವನು. ಗಾಳಿ ಬಿದ್ದ ತಿಂಗಳಲ್ಲಿ ಯಾರೂ ಬುಡದಿಂದ ಬುಡಕ್ಕೆ ನಡೆಯುವುದಿಲ್ಲ, ಹೇಳುವುದಿದ್ದರೆ ಬಿಸಿಲಿಗೆ ಕನ್ನಡಿ ಹಿಡಿದು ಮಿಂಚಿಸುತ್ತೇವೆ. ಅವನು ತಲೆಯಿಂದ ಕಾಲಿನವರೆಗೆ ಬಟ್ಟೆ ಸುತ್ತಿಕೊಂಡು ನಡೆದೇ ಬಂದಿದ್ದ. ನೀರು ಕೊಟ್ಟರೆ ಕುಡಿಯಲಿಲ್ಲ. ಅವನ ಬುಡದಲ್ಲಿ ಈ ತಿಂಗಳು ಐದು ಮಕ್ಕಳಿಗೆ ಮೊದಲ ಕಡಿತ ಆಗಿದೆ, ಐದೂ ಒಂದೇ ಚುಚ್ಚಿನ ಸೊಳ್ಳೆಯಿಂದ. ಮೂರು ಮಕ್ಕಳಿಗೆ ಸರಿಯಾಗಿ ಆರನೇ ದಿನ ಎಲುಬುಜ್ವರ. ಎರಡು ಮಕ್ಕಳು ಹೋದವು. ಇದನ್ನು ಹೇಳಿ ಅವನು ನನ್ನ ಮುಖ ನೋಡದೆ ಅಂದ, ಪಾಲಕ್ಕ, ಗಡಿಬಿಡಿ ಮಾಡೋವನ್ನೆಲ್ಲ ಕೊಂದ್ವಿ, ಸುಮ್ಮನೆ ಕೂರೋವನ್ನ ಬಿಟ್ವಿ. ಸುಮ್ಮನೆ ಕೂರೋದನ್ನ ರೋಗಕ್ಕೆ ನಾವೇ ಕಲಿಸಿದ್ವಿ.

ಅವನು ಹೇಳಿದ್ದು ನನಗೆ ಕೂಡಲೇ ಅರ್ಥವಾಯಿತು. ವೈರಸ್ಸು ಸಾವಿರ ಸೊಳ್ಳೆಗಳನ್ನು ಸಾವಿರ ಬಗೆಯಲ್ಲಿ ಕುಣಿಸುತ್ತದೆ. ಅದರಲ್ಲಿ ಯಾವುದೋ ಒಂದೆರಡನ್ನು ಯಾವತ್ತೋ ಕುಣಿಸದೆ ಸುಮ್ಮನೆ ಕೂರಿಸಿರಬೇಕು. ಕುಣಿದವು ನಮ್ಮ ಹೊಗೆಯಲ್ಲಿ ಸತ್ತವು, ಕೂತವು ನಮ್ಮ ಕೈಯಿಂದಲೇ ಹರಸಿಕೊಂಡು ಹಾರಿಹೋದವು. ಎರಡು ನೂರು ವರ್ಷ ನಾವು ಆರಿಸಿ ಆರಿಸಿ ಬೆಳೆಸಿದ್ದು ಅದನ್ನೇ. ಅಷ್ಟೇ ಅಲ್ಲ, ನಮ್ಮ ಮಕ್ಕಳ ಕಾಲನ್ನು ಹಿಡಿದು ಅದರ ಬಾಯಿಗೆ ಕೊಟ್ಟೆವು. ಕೊಂಬು ಊದಿ ಕಾಯುತ್ತಿದ್ದ ನಾವು ಬಾಗಿಲು ತೆರೆದು ಅದಕ್ಕೆ ದಾರಿ ಬಿಟ್ಟೆವು ಅಂದರೆ ಯಾರ ಮುಂದೆ ಹೇಳಿಕೊಳ್ಳುವುದು?

ಆದರೆ ಅವನ ಬುಡದ ಇನ್ನೆರಡು ಮಕ್ಕಳಿಗೆ ಏನೂ ಆಗಿಲ್ಲ, ಹನ್ನೆರಡು ದಿನ ದಾಟಿ ಆಡಿಕೊಂಡಿದ್ದಾವೆ. ನನ್ನ ಕಷ್ಟ ಇರುವುದೇ ಇಲ್ಲಿ. ಎಲುಬುಜ್ವರಕ್ಕೆ ನಮ್ಮಲ್ಲಿ ಒಂದು ಮದ್ದಿದೆ, ಕಪ್ಪು ಕಷಾಯ. ಕಡಿತವಾದ ಐದನೇ ದಿನದ ಸಂಜೆಯೊಳಗೆ ಕುಡಿಸಿದರೆ ಜ್ವರ ಏಳುವುದಿಲ್ಲ. ಆದರೆ ಅದು ಸುಮ್ಮನೆ ಕುಡಿಸುವಂಥದ್ದಲ್ಲ. ಜ್ವರದ ಬೀಜ ಒಳಗಿದ್ದರೆ ಅದರ ಜೊತೆ ಹೊಡೆದಾಡುತ್ತದೆ, ಇಲ್ಲದಿದ್ದರೆ ಮಗುವಿನ ಜೊತೆಗೇ ಹೊಡೆದಾಡುತ್ತದೆ. ಬೀಜವಿಲ್ಲದ ಮೈಗೆ ಹಾಕಿದರೆ ಐದರಲ್ಲಿ ಎರಡು ಮಕ್ಕಳು ಉಳಿಯುವುದಿಲ್ಲ. ನಾಳೆ ಸಂಜೆಗೆ ಈರಿಯ ಐದನೇ ದಿನ ಮುಗಿಯುತ್ತದೆ. ಬೋರಕ್ಕ ಕಷಾಯದ ಮಡಕೆಯನ್ನು ತಂದು ನನ್ನ ಮುಂದಿಟ್ಟು, ಆರಿಸಿದವಳು ನೀನು, ಈಗ ನೀನೇ ಹೇಳವ್ವ, ಕುಡಿಸ್ಲಾ ಬೇಡ್ವಾ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ನನ್ನ ಬಾಯಿ ನೋಡುತ್ತಾ ನಿಂತಳು.

ಎಲ್ಲಾ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ರೋಗವೇ ಇಲ್ಲದ, ಅಪ್ಪಟ ಆರೋಗ್ಯದ ಸೊಳ್ಳೆ ಎಷ್ಟು ಸಲ ಚುಚ್ಚುತ್ತದೆ? ಒಂದೇ ಸಲ ಚುಚ್ಚಿ ಕುಡಿಯುವುದು ಅದರ ಹುಟ್ಟುಗುಣವಾಗಿದ್ದರೆ, ಈರಿಯನ್ನು ಕಚ್ಚಿದ್ದೂ ಅಂಥದ್ದೇ ಇರಬಹುದು, ಕಷಾಯ ಚೆಲ್ಲಿಬಿಡುತ್ತೇನೆ. ಅಂಥ ಸೊಳ್ಳೆ ಲೋಕದಲ್ಲೇ ಇರಲಿಲ್ಲ, ಅದು ರೋಗ ಹಾಕಿಕೊಂಡ ವೇಷ ಅಂತಾದರೆ, ಈಗಲೇ ಕುಡಿಸುತ್ತೇನೆ. ನನಗೆ ಗೊತ್ತಿಲ್ಲ. ಕಾಟಯ್ಯನಿಗೂ ಗೊತ್ತಿಲ್ಲ. ನಾವು ಎಣಿಸಲು ಶುರು ಮಾಡಿದ್ದೇ ಮೊದಲ ದೊಡ್ಡ ಜ್ವರ ಬಂದು ಹೋದ ಮೇಲೆ, ಅಷ್ಟರಲ್ಲಿ ಎಲ್ಲಾ ಹೊಂಡಕ್ಕೂ ರೋಗ ಇಳಿದಾಗಿತ್ತು. ಎರಡು ಮೂರು ಒಳ್ಳೆಯದು ಅಂತ ಯಾರು ಹೇಳಿದರು? ಅವೂ ಅರ್ಧ ರೋಗದವೇ ಆಗಿದ್ದರೆ? ಒಂದು ಸೊಳ್ಳೆ ತನ್ನ ಪಾಡಿಗೆ ತಾನಿದ್ದಾಗ ಹೇಗಿರುತ್ತದೆ ಅಂತ ಈ ಗುಡ್ಡಸಾಲಿನಲ್ಲಿ ಕಂಡವರು ಒಬ್ಬರೂ ಉಳಿದಿಲ್ಲ.

ನೀವು ಕಂಡಿದ್ದೀರಿ. ದಿನಾ ಸಂಜೆ ನಿಮ್ಮ ಕೈಮೇಲೆ, ಕಾಲಮೇಲೆ, ಮಕ್ಕಳ ಕೆನ್ನೆಮೇಲೆ ಬಂದು ಕೂರುತ್ತಿದ್ದವು. ಆದರೆ ನೀವು ನೋಡಲಿಲ್ಲ, ಹೊಡೆದು ಗೋಡೆಗೆ ಒರೆಸಿದಿರಿ. ನಿಮ್ಮ ಕಾಲದ ವಿದ್ವಾಂಸರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಎಣಿಸಿದ್ದರಂತೆ, ಬರೆದದ್ದೂ ಉಂಟಂತೆ. ಅವರು ಯಾವುದರಲ್ಲಿ ಬರೆದಿಟ್ಟರೋ ಅದನ್ನು ಓದುವ ಯಂತ್ರ ನಮ್ಮಲ್ಲಿಲ್ಲ. ನಮ್ಮ ಕೈಗೆ ಬಂದದ್ದು ಹೋಳಿಗೆ ಮಾಡುವ ಕ್ರಮ ಮಾತ್ರ. ಇದನ್ನು ಬರೆಯುವಾಗ ನನಗೆ ನಿಮ್ಮ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಆಮೇಲೆ ನನ್ನ ತೋಳು ನೋಡಿಕೊಂಡು ಸುಮ್ಮನಾದೆ, ನೋಡುತ್ತಾ ಕೂತ ನಾನೇನು ಕಡಿದು ಗುಡ್ಡೆ ಹಾಕಿದೆ?

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಇನ್ನು ಮುಂದೆ ನಿಮ್ಮ ಮೈಮೇಲೆ ಸೊಳ್ಳೆ ಕೂತರೆ ಒಂದು ಗಳಿಗೆ ಹೊಡೆಯಬೇಡಿ. ಸುತ್ತಮುತ್ತ ಯಾರಿಗೂ ಜ್ವರವಿಲ್ಲದ ಕಾಲದಲ್ಲಿ, ಜ್ವರವಿಲ್ಲದ ಮನೆಯಲ್ಲಿ ನೋಡಿ. ಎಷ್ಟು ಸಲ ಚುಚ್ಚಿತು, ಕುಡಿದ ಮೇಲೆ ಹಾರಿತೋ ಕೂತೇ ಇತ್ತೋ, ಅಷ್ಟು ಸಾಕು. ಒಂದು ಸೊಳ್ಳೆಯಲ್ಲ, ಐವತ್ತು ಸೊಳ್ಳೆ ನೋಡಿ. ಕಾಗದ ಬೇಡ, ಗೆದ್ದಲು ತಿನ್ನುತ್ತದೆ. ಹಸಿ ಹೆಂಚಿನ ಮೇಲೆ ಕಡ್ಡಿಯಿಂದ ಗೀರಿ, ಸುಟ್ಟು, ಗಾಳಿಯಂತ್ರದ ಬುಡದಲ್ಲಿ ಹೂತಿಡಿ. ದಕ್ಷಿಣದ ತುದಿಯಿಂದ ಹದಿನೇಳು ಎಣಿಸಿ, ಕಂಬಕ್ಕೆ ಬಾಗಿಲು ಇರುವ ದಿಕ್ಕಿನಲ್ಲಿ ಹತ್ತು ಹೆಜ್ಜೆ ನಡೆದು, ಮೊಣಕೈ ಮುಳುಗುವಷ್ಟು ಆಳಕ್ಕೆ ಇಡಿ. ಗಾಳಿಯಂತ್ರ ಕಾಯುವವರು ಯಾರಾದರೂ ಏನಮ್ಮ ಅಗೀತಿದ್ದೀಯಾ ಅಂತ ಕೇಳಿದರೆ, ಮೊಮ್ಮಗಳಿಗೆ ಒಂದು ಸುದ್ದಿ ಇಡೋದಿತ್ತು ಅನ್ನಿ. ಸುಳ್ಳಾಗುವುದಿಲ್ಲ, ಈರಿ ನಿಮಗೂ ಮೊಮ್ಮಗಳೇ.

ನಿಮಗೆ ಇನ್ನೊಂದು ಮಾತು ಹೇಳಬೇಕು, ಮುಚ್ಚಿಡುವುದಿಲ್ಲ. ಕಾಟಯ್ಯ ಹೋದ ಮೇಲೆ, ಈ ಪತ್ರ ಬರೆಯಲು ಕೂರುವ ಮೊದಲೇ, ನಾನು ಆ ಜಾಗವನ್ನು ಅಗೆದು ನೋಡಿದೆ. ಕೇಳುವ ಮೊದಲೇ ಯಾರಾದರೂ ಪುಣ್ಯಾತ್ಮರು ಇಟ್ಟಿರಬಹುದು ಅನ್ನುವ ದುರಾಸೆ. ಈರಿ ಕುಕ್ಕೆ ಹಿಡಿದು ಪಕ್ಕದಲ್ಲೇ ಕೂತಿದ್ದಳು, ಸಿಕ್ಕಿದ್ದನ್ನು ತುಂಬಿಕೊಳ್ಳಲು. ಮೊಣಕೈ ಆಳ ಅಗೆದೆ, ಭುಜದ ಆಳ ಅಗೆದೆ, ಸುತ್ತಲೂ ಅಗಲ ಮಾಡಿದೆ. ಬೆಣಚುಕಲ್ಲು, ಒಂದು ತುಕ್ಕು ಹಿಡಿದ ಬೋಲ್ಟು, ಕೆಂಪು ಮಣ್ಣು. ಏನೂ ಇರಲಿಲ್ಲ. ಈರಿ ಬೋಲ್ಟನ್ನೇ ಕುಕ್ಕೆಗೆ ಹಾಕಿಕೊಂಡು, ಇದೂ ಚೆನ್ನಾಗೈತೆ ಬಿಡಜ್ಜಿ ಅಂದಳು. ಅವಳ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಗುಂಡಿಯನ್ನು ಮುಚ್ಚಿ, ಮಣ್ಣು ತುಳಿದು ಗಟ್ಟಿ ಮಾಡಿ ಬಂದೆ.

ಆದರೆ ಅದು ನೀವು ಈ ಪತ್ರ ಓದುವ ಮೊದಲಿನ ಮಾತು. ಈಗ ಓದಿದ್ದೀರಿ. ನಿಮಗೆ ನಾಲ್ಕು ನೂರು ವರ್ಷ ಸಮಯವಿದೆ, ನನಗಿರುವುದು ನಾಳೆ ಸಂಜೆಯವರೆಗೆ. ಪತ್ರವನ್ನು ಈಗ ಕಂಬದ ಟೊಳ್ಳಿಗೆ ಹಾಕುತ್ತೇನೆ. ಗಾಳಿಯಿಲ್ಲ, ಆದರೂ ಹಾಕುತ್ತೇನೆ. ನಾಳೆ ಬೆಳಗಾದ ಕೂಡಲೇ ಅದೇ ಜಾಗವನ್ನು ಇನ್ನೊಂದು ಸಲ ಅಗೆಯುತ್ತೇನೆ. ಈರಿಗೆ ಕುಕ್ಕೆ ತೊಳೆದಿಡಲು ಹೇಳಿದ್ದೇನೆ.

ಲಗ್ನಪತ್ರಿಕೆಯ ಪುಸ್ತಕದಲ್ಲಿ ಕೊನೆಗೆ ಹೀಗೆ ಬರೆಯಬೇಕು ಅಂತಿದೆ, ಅದಕ್ಕಿಂತ ಒಳ್ಳೆಯ ಮಾತು ನನಗೆ ತಿಳಿಯದು.

ತಮ್ಮ ಹೆಂಚಿನ ಸುಖಾಗಮನ ಬಯಸುವ,
ಪಾಲಕ್ಕ